ಝಡ್ ಇರುವ ಮೂರಕ್ಷರ

ಹೆಣ್ಣು ನೋಡಲು ಬಂದ ಹುಡುಗನ ಮೇಲೆ ಹುಡುಗಿಯ ಅಪ್ಪನಿಗೇಕೋ ಅನುಮಾನ.

“ನಮ್ಮ ಹುಡುಗೀನ ಮೊದಲೇ ಎಲ್ಲಾದ್ರೂ ನೋಡಿದ್ದೀರಾ? ಲವ್ವುಗಿವ್ವು ಅಂದ್ರೆ ನಾನು ಒಪ್ಪೋನಲ್ಲ.”

“ಇಲ್ಲ ಸರ್, ಬ್ರೋಕರ್ ಕೊಟ್ಟ ಫೋಟೋದಲ್ಲಷ್ಟೇ.”

“ನಾನೂ ಅಷ್ಟೇ ಅಪ್ಪ,” ಎಂದಳು ಮಗಳು.

ಅಪ್ಪ ಇಂಗ್ಲಿಷ್ ಅಕ್ಷರಗಳ ಬಿಲ್ಲೆಗಳನ್ನು ಟೀಪಾಯಿಯ ಮೇಲೆ ಸುರಿದರು. “ನಮ್ಮನೇಲಿ ಎಲ್ಲರಿಗೂ ಈ ಆಟದ ಹುಚ್ಚು. ಝಡ್ ಇರೋ ಮೂರಕ್ಷರದ ಪದ ಕಟ್ಟಿ ನೋಡೋಣ.”

“ಝಿಟ್. ಮೊಡವೆ ಅಂತ.”

“ಇನ್ನೊಂದು?”

“ಝ್ಯಾಗ್. ಥಟ್ಟನೆ ಪಕ್ಕಕ್ಕೆ ತಿರುಗೋದು.”

“ಭೇಷ್. ಇನ್ನೊಂದು?”

ಹುಡುಗ ಹುರುಪಿನಿಂದ ಬಿಲ್ಲೆ ಜೋಡಿಸಿದ. “ಝುಬ್. ಕಾಫಿ ಮೇಲೆ ಕಟ್ಟೋ ಕೆನೆ.”

ಮಗಳು ಕಣ್ಣು ಮುಚ್ಚಿಕೊಂಡಳು.

“ಅದು ಯಾವ ಡಿಕ್ಷನರೀಲೂ ಸಿಗಲ್ಲ ಕಣ್ರೀ,” ಎಂದರು ಅಪ್ಪ. “ಇವಳು ಚಿಕ್ಕೋಳಿದ್ದಾಗ ತಾನೇ ಮಾಡ್ಕೊಂಡಿದ್ದ ಪದ.”