ಕೊಡೆ ಬಟ್ಟೆಯ ನಾಲ್ಕು ಜೇಬು

ಖತೀಜಾಬೀ ಕತ್ತರಿ ಎತ್ತಿಕೊಂಡು ಮಗಳ ಬೆನ್ನುಚೀಲದ ಜೇಬುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಶಮೀಮ್ ಎರಡು ದಿನ ಕಾಲೇಜು ತಪ್ಪಿಸಿ ಹೊಲಿದಿದ್ದ ಜೇಬುಗಳು ಅವು. ಒಟ್ಟು ಒಂಬತ್ತು. ಇಂಗ್ಲಿಷ್ ಪತ್ರಿಕೆಯೊಂದರ ಚಿತ್ರದಲ್ಲಿ ಇದ್ದ ಹಾಗೇ, ದಪ್ಪ ಕ್ಯಾನ್ವಾಸಿನಲ್ಲಿ.

"ಅಮ್ಮೀ, ನಾಳೆ ಬೆಳಿಗ್ಗೆ ಪರೀಕ್ಷೆ! ಏನು ಮಾಡ್ತಿದೀಯ?"

"ಪರೀಕ್ಷೆ ಐತೆ ಅಂತಲೇ ಕೀಳ್ತಿರೋದು. ಒಂಬತ್ತು ಜೇಬು ಇಟ್ಕೊಂಡು ಹಿಮಾಲಯದಾಗೆ ಪೋಸ್ಟಾಫೀಸು ನಡೆಸ್ತೀಯೇನು? ಎತ್ತಿ ನೋಡು, ಖಾಲಿ ಚೀಲನೇ ಹೆಣಭಾರ ಐತೆ."

ಕಾಲೇಜಿನಿಂದ ಹಿಮಾಲಯ ಹತ್ತಲು ಹೋಗುವವರ ಪಟ್ಟಿಯಲ್ಲಿ ಒಂದೇ ಜಾಗ ಉಳಿದಿತ್ತು, ಅದಕ್ಕೆ ಇಬ್ಬರು ಹುಡುಗಿಯರು. ಇಬ್ಬರೂ ದಾವಣಗೆರೆಯಿಂದ ಹರಿಹರಕ್ಕೆ ಚೀಲ ಹೊತ್ತು ನಡೆಯಬೇಕು. ಕೊನೆಗೆ ಹೊಳೆ ಸೇತುವೆ ದಾಟುವಾಗ ನಾಗರತ್ನಮ್ಮ ಮೇಡಂ ಐದು ವಸ್ತು ಕೇಳುತ್ತಾರೆ. ನಿಲ್ಲದೆ, ಚೀಲ ಇಳಿಸದೆ, ಕೈಯ ಕೋಲು ಬಿಡದೆ ತೆಗೆದು ತೋರಿಸಬೇಕು. ಇನ್ನೊಬ್ಬಳದು ಮುಂಬಯಿಯಿಂದ ತರಿಸಿದ ಚೀಲ. ಶಮೀಮಳದು ಬಜಾರಿನಲ್ಲಿ ಕೊಡೆ ರಿಪೇರಿ ಮಾಡುವ ತಾಯಿ, ಜನ ಬಿಟ್ಟುಹೋದ ಕೊಡೆಗಳ ಬಟ್ಟೆಯಲ್ಲಿ ಹೊಲಿದುಕೊಟ್ಟ ಚೀಲ. ಜೇಬು ಮಾತ್ರ ಮಗಳ ಕೈಚಳಕ.

ಖತೀಜಾಬೀ ಮಗಳ ಮುಖವನ್ನೇ ದುರುಗುಟ್ಟಿ ನೋಡುತ್ತಾ ಸೊಂಟದ ಸಂಚಿಗೆ ಕೈ ಹಾಕಿ ಎಲೆ ತೆಗೆದಳು, ಅಡಿಕೆ ತೆಗೆದಳು, ಸುಣ್ಣದ ಡಬ್ಬಿ ತೆಗೆದಳು. "ಮೂವತ್ತು ವರ್ಷ ಆತು, ಇದರೊಳಗೆ ಒಂದು ದಿನ ಇಣುಕಿಲ್ಲ ನಾನು. ಜೇಬು ಎಲ್ಲಿರಬೇಕು ಅಂತ ಕೈ ಹೇಳ್ಬೇಕು, ಪತ್ರಿಕೆ ಅಲ್ಲ. ಏಳು ಮೇಲೆ!"

ಚೀಲ ಹೊರಿಸಿ, ಬಲಗೈಗೆ ಗಜಕಡ್ಡಿ ಕೊಟ್ಟು, ದುಪಟ್ಟದಿಂದ ಕಣ್ಣು ಕಟ್ಟಿ ಮಗಳನ್ನು ಅಂಗಳದಲ್ಲಿ ನಡೆಸಿದಳು. "ನೀರು!" ಎಂದು ಕೂಗಿದಳು. ಶಮೀಮಳ ಎಡಗೈ ಸೊಂಟದ ಪಕ್ಕಕ್ಕೆ ಹೋಯಿತು. ಖತೀಜಾಬೀ ಅಲ್ಲೇ ಸೀಮೆಸುಣ್ಣದ ಗೀಟು ಎಳೆದಳು. "ಸೀಟಿ!" ಕೈ ಹೆಗಲ ಪಟ್ಟಿಗೆ ಹೋಯಿತು. "ಮಳೆ ಹೊದಿಕೆ!" ಚೀಲದ ತಳಕ್ಕೆ. "ಔಷಧಿ!" ಹೊಟ್ಟೆಯ ಮೇಲಿನ ಪಟ್ಟಿಗೆ. "ಬೆಲ್ಲ!" ಕೈ ಮತ್ತೆ ಅಲ್ಲಿಗೇ ಬಂತು.

"ಎರಡಕ್ಕೂ ಒಂದೇ ಜೇಬು ಸಾಕು. ಬಾಚಣಿಗೆ!"

ಕೈ ಎಲ್ಲಿಗೂ ಹೋಗದೆ ಗಾಳಿಯಲ್ಲೇ ನಿಂತಿತು.

"ಅದಕ್ಕೆ ಜೇಬು ಬ್ಯಾಡ. ಅದನ್ನ ಮನ್ಯಾಗೆ ಬಿಟ್ಟೋಗು."

ಕಣ್ಣು ಬಿಚ್ಚಿದಾಗ ಚೀಲದ ಮೇಲೆ ನಾಲ್ಕೇ ಗೀಟು, ಎಲ್ಲವೂ ಎಡಗೈಗೆ ಎಟಕುವಲ್ಲಿ. ಚಿತ್ರದ ನೀರಿನ ಜೇಬು ಬಲಕ್ಕಿತ್ತು. ಬಲಗೈಯಲ್ಲಿ ಕೋಲು ಇರುತ್ತದೆಂಬುದು ಶಮೀಮಳಿಗೆ ಹೊಳೆದೇ ಇರಲಿಲ್ಲ.

ಜೇಬಿಗೆ ಗಟ್ಟಿ ಬಟ್ಟೆ ಉಳಿದಿದ್ದು ಒಂದೇ ಕೊಡೆಯದು. ಅದರ ಮೇಲೆ ಬಿಳಿ ಬಣ್ಣದಲ್ಲಿ 'ಗಿಡ್ಡಪ್ಪ, ಕುಕ್ಕುವಾಡ, ೧೯೭೯' ಎಂದು ಅಂಗೈ ಅಗಲದ ಅಕ್ಷರ. ಕೊಡೆ ಕಳುವಾಗದಿರಲೆಂದು ಗಿಡ್ಡಪ್ಪ ಬರೆಸಿದ್ದು. ಕಡ್ಡಿ ಮುರಿದ ಮೇಲೆ ಅವನೇ ಬಿಸಾಕಿಹೋಗಿದ್ದ.

"ಮಗುಚಿ ಹೊಲಿಯಮ್ಮೀ, ಎಲ್ಲರೂ ನಗ್ತಾರೆ."

"ಮಳೆ ತಡೆಯೋದು ಬಟ್ಟೆಯ ಈ ಮೈ. ನಗೋರು ನಗಲಿ, ನಿನ್ನ ಬೆಲ್ಲ ನೆನೆಯಂಗಿಲ್ಲ." ಹೆಸರಿದ್ದ ತುಂಡು ಚೀಲದ ಹಿಂಬದಿಯ ತಳದ ಜೇಬಾಯಿತು.

ಮರುದಿನ ಖತೀಜಾಬೀ ಮೊದಲೇ ಬಸ್ಸು ಹಿಡಿದು ಸೇತುವೆಯ ಆಚೆ ತುದಿಯಲ್ಲಿ ನಿಂತಳು. ಮೇಡಂ ಏನಾದರೂ ಪಕ್ಷಪಾತ ಮಾಡಿದರೆ ಜಗಳಕ್ಕೆ ಜನ ಬೇಕಲ್ಲ! ಮಳೆ ಬಿಡದೆ ಹೊಡೆಯುತ್ತಿತ್ತು. ಮೊದಲು ಬಂದವಳು ಮುಂಬಯಿ ಚೀಲದ ಹುಡುಗಿ. "ಔಷಧಿ!" ಎಂದರು ಮೇಡಂ. ಅವಳು ಒಂದು ಜೇಬು ಎಳೆದಳು, ಇನ್ನೊಂದು ಎಳೆದಳು, ಸುತ್ತಲೂ ತಡಕಾಡಿ ಕೊನೆಗೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ನಿಂತೇಬಿಟ್ಟಳು.

ಆಮೇಲೆ ಶಮೀಮ್ ಬಂದಳು. ಮೇಡಂ ಅವಳ ಬೆನ್ನು ನೋಡಿ ಕಿಸಕ್ಕನೆ ನಕ್ಕರು. "ಗಿಡ್ಡಪ್ಪ ಯಾರವ್ವಾ, ನಿನ್ನ ಜತೆ ಅವರೂ ಬರ್ತಾರೇನು?"

ನೀರು ಎಂದಾಗ ನೀರು ಬಂತು. ಔಷಧಿ ಎಂದಾಗ ಔಷಧಿ, ಮಳೆ ಹೊದಿಕೆ ಎಂದಾಗ ಹೊದಿಕೆ. ಕಾಲು ನಿಲ್ಲಲಿಲ್ಲ, ಕಣ್ಣು ರಸ್ತೆ ಬಿಡಲಿಲ್ಲ. ಸೀಟಿ ಎನ್ನುವಷ್ಟರಲ್ಲಿ ಊದಿಯೇ ಬಿಟ್ಟಳು. ಎದುರಿನ ಲಾರಿಯವನು ಬೆಚ್ಚಿ ಹಾರನ್ನು ಒತ್ತಿದ. "ಬೆಲ್ಲ!" ಎಂದರು ಮೇಡಂ. ಶಮೀಮ್ ತೆಗೆದು ಅರ್ಧ ಕಚ್ಚಿದಳು, ಉಳಿದರ್ಧವನ್ನು ಮೇಡಂ ಕಡೆ ಚಾಚಿದಳು. ಬೆಲ್ಲ ಒಂಚೂರೂ ನೆನೆದಿರಲಿಲ್ಲ. ಸೇತುವೆ ಇನ್ನೂ ಕಾಲುಭಾಗ ಬಾಕಿ ಇತ್ತು.

ನಾಗರತ್ನಮ್ಮ ಬೆಲ್ಲ ಬಾಯಿಗೆ ಹಾಕಿಕೊಂಡು, ಆಚೆ ತುದಿ ತಲುಪಿದ ಮೇಲೆ ಚೀಲ ಮುಟ್ಟಿ ಮುಟ್ಟಿ ನೋಡಿದರು. "ಯಾರು ಹೊಲಿದಿದ್ದು?"

"ನಾನು!" ಎಂದಳು ಖತೀಜಾಬೀ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಜಗಳಕ್ಕೆಂದು ತಂದಿದ್ದ ದನಿಯೆಲ್ಲ ಆ ಒಂದು ಮಾತಿಗೇ ಖರ್ಚಾಯಿತು.

ಎರಡು ತಿಂಗಳಾದ ಮೇಲೆ ಕುಕ್ಕುವಾಡದ ಗಿಡ್ಡಪ್ಪ ಹೊಸ ಕೊಡೆಯ ಮುರಿದ ಕಡ್ಡಿ ಸರಿಮಾಡಿಸಲು ಬಜಾರಿಗೆ ಬಂದ. ಖತೀಜಾಬೀ ಅವನ ಕೈಗೆ ಒಂದು ಫೋಟೋ ಕೊಟ್ಟಳು. ಎಲ್ಲಿ ನೋಡಿದರೂ ಬಿಳೀ ಹಿಮ. ನಡುವೆ ಬೆನ್ನು ತೋರಿಸಿ ನಿಂತ ಹುಡುಗಿ. ಬೆನ್ನಿನ ಮೇಲೆ ಅವನ ಹೆಸರು, ಅವನ ಊರು.

ಗಿಡ್ಡಪ್ಪ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದ. ಆಮೇಲೆ ಕೊಡೆಯನ್ನು ಅವಳ ಮುಂದೆ ತಳ್ಳಿದ. "ರಿಪೇರಿ ಬ್ಯಾಡ ಖತೀಜಮ್ಮ. ಇದನ್ನೂ ನೀನೇ ಇಟ್ಕೋ. ಇದರ ಮ್ಯಾಲೆ ಹೆಸರು ಇನ್ನೂ ದಪ್ಪಕೈತೆ."

ಹಾಗೆಂದವನು, ಜಡಿಮಳೆಯಲ್ಲಿ ತಲೆ ನೆನೆಸಿಕೊಂಡು, ಎದೆ ಸೆಟೆಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟ.