ಒಳಚಿಲಕ

ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡ ಮೇಲೆ ಹುಡುಗಿ ರಾತ್ರಿ ನಿದ್ದೆಯನ್ನೇ ಮಾಡುತ್ತಿಲ್ಲವೆಂದು ತಾಯಿ ಅವಳನ್ನು ಆಪ್ತಸಮಾಲೋಚಕಿಯ ಬಳಿ ಕರೆತಂದಿದ್ದಳು. ಏನು ಕೇಳಿದರೂ ಹುಡುಗಿ ಒಂದೇ ಮಾತು ಹೇಳಿದಳು.

"ನಮ್ ರೂಮಿಗೆ ಒಳಗಿಂದ ಒಂದು ಚಿಲಕ ಬೇಕು."

"ಹಾಕಿಸಿಕೊಡಿ, ಮಗುಗೆ ಧೈರ್ಯ ಬರುತ್ತೆ," ಎಂದಳು ಸಮಾಲೋಚಕಿ. ತಾಯಿ ತಲೆ ತಗ್ಗಿಸಿಕೊಂಡೇ ಒಪ್ಪಿದಳು.

ಮುಂದಿನ ವಾರ ಬಂದಾಗಲೂ ಹುಡುಗಿಯ ಕಣ್ಣು ಕೆಂಪಗಿತ್ತು.

"ಚಿಲಕ ಹಾಕಿಸಿದ್ರಾ?"

"ಹೂಂ ಮೇಡಂ," ಎಂದಳು ಹುಡುಗಿ. "ತಂಗಿಗೆ ಹಾಕ್ಕೊಳ್ಳೋದು ಕಲಿಸಿದೀನಿ. ಈಗ ಅವಳು ಚೆನ್ನಾಗಿ ನಿದ್ದೆ ಮಾಡ್ತಾಳೆ."

"ಮತ್ತೆ ನೀನು?"

"ನಾನು ಹೊರಗೆ, ನಡುಮನೇಲಿ ಮಲಗ್ತೀನಿ."

"ಯಾಕಮ್ಮ? ಚಿಲಕ ಕೇಳಿದ್ದೇ ನೀನಲ್ವಾ?"

ಹುಡುಗಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಕುಡಿದು ಬಂದಾಗ ಹೊಡೆಯೋಕೆ ಯಾರೂ ಸಿಗದಿದ್ರೆ, ಅಪ್ಪ ಬಾಗಿಲು ಒಡೀತಾರೆ."