ಮಗ್ಗದ ನೆತ್ತಿಯ ಗಾಜು

ಕುಣಿಮಗ್ಗದಲ್ಲಿ ಕುಳಿತು ಕಡಿದ ಎಳೆ ಕಟ್ಟುತ್ತಿದ್ದ ಮಾರ್ಕಂಡೇಯನ ಕೈಮೇಲೆ ನೆರಳು ಬಿತ್ತು. ಮೋಡವೆಂದುಕೊಂಡ. ಮೋಡವಾಗಿದ್ದರೆ ಸರಿದುಹೋಗಬೇಕಿತ್ತು, ಇದು ಮಗ್ಗದುದ್ದಕ್ಕೂ ಬಿಗಿದ ಹಾಸಿನ ಎಳೆಗಳನ್ನು ಒಂದು ಕಡೆಯಿಂದ ನುಂಗುತ್ತ ಬಂದು ಅಲ್ಲೇ ನಿಂತಿತು. ತಾರಸಿಯ ಮೇಲೆ ಡ್ರಿಲ್ಲು ಕೊರೆಯುತ್ತಿತ್ತು.

ದೀಪದ ಬೆಳಕು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದೆಂದು ಅವನಪ್ಪ ಮಗ್ಗದ ನೆತ್ತಿಗೇ ತಾರಸಿ ಒಡೆಸಿ ಗಾಜು ಕೂರಿಸಿದ್ದ. ಕರೆಂಟ್ ಆಫೀಸಿನ ಸೋಲಾರ್ ಸ್ಕೀಮಿಗೆ ಹೆಸರು ಬರೆಸಿದ ಮೇಲೆ ಅಳತೆಗೆ ಬಂದವನು, "ದಿನಪೂರ್ತಿ ಬಿಸಿಲು ಎಲ್ಲಿ ಬೀಳತೈತ್ರೀ ಕಾಕಾ?" ಎಂದು ಕೇಳಿದ್ದ. ಮಾರ್ಕಂಡೇಯ ಹೆಮ್ಮೆಯಿಂದ ಆ ಗಾಜನ್ನೇ ಮುಟ್ಟಿ ತೋರಿಸಿದ್ದ.

"ಏಯ್, ಆ ಸೋಲಾರ್ ಪ್ಲೇಟು ಗಾಜಿನ ಮ್ಯಾಲಿಂದ ಸರಸ್ರೀ! ಕೆಳಗ ಮಗ್ಗ ಐತಿ!" ಮಾರ್ಕಂಡೇಯ ಕೂಗಿದ.

"ಬೋಲ್ಟು ಬಿಗದಾಯ್ತ್ರೀ ಕಾಕಾ," ಮೇಲಿನಿಂದ ಅಳತೆಗೆ ಬಂದಿದ್ದವನದೇ ದನಿ. "ಇನ್ನ ಇಪ್ಪತ್ತೈದು ವರ್ಷ ಕದಲಸಾಕ ಬರಂಗಿಲ್ಲ. ನೀವ ಸಹಿ ಮಾಡೀರಲ್ಲ?"

ಹೆಂಡತಿ ಸುಗುಣಮ್ಮ ಹಿಗ್ಗಿನಿಂದ ಬಂದು ಬಲ್ಬು ಹಚ್ಚಿದಳು. "ಯಾಕ ಒದರತೀರಿ? ನಾಳಿಂದ ಸೂರ್ಯಂದೇ ಕರೆಂಟು. ಹಗಲೆಲ್ಲ ದೀಪ ಹಾಕ್ಕೊಂಡು ನೇಯ್ರಿ."

ಅವನು ಕಡಿದ ಎಳೆಯ ತುದಿ ಹಿಡಿದು ಹಾಸಿನ ಮೇಲೆ ಬಗ್ಗಿದ. ಸೀರೆಯ ಅಂಚಿನ ಕುಂಕುಮದ ಬಣ್ಣದ ಎಳೆಗಳೂ ಒಡಲಿನ ದಾಳಿಂಬೆ ಬಣ್ಣದ ಎಳೆಗಳೂ ಬಲ್ಬಿನಡಿ ಒಂದೇ ಕೆಂಪಾಗಿದ್ದವು. ಮಗ್ಗಕ್ಕೆ ಬಿಗಿದ ಹಾಸನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ಹೋಗುವ ಹಾಗಿರಲಿಲ್ಲ.

"ಸುಗುಣಾ, ಇದನ್ನ ಯಾವುದಕ್ಕ ಕಟ್ಲಿ?"

ಅವಳು ಬಗ್ಗಿ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಮುಖದ ನಗು ಹೋಯಿತು. ಮೆಲ್ಲಗೆ ಹೋಗಿ ದೀಪ ಆರಿಸಿ, ಮತ್ತೊಮ್ಮೆ ಹಚ್ಚಿದಳು.